ಸಿಗಡಿ ತೊಟ್ಟಿಗೆ ವೈರಸ್ ಕಾವಲು

ಸಿಗಡಿ ಮರಿಗಳನ್ನು ಉತ್ಪಾದಿಸುವ ಹ್ಯಾಚರಿಗಳಲ್ಲಿ ರಾತ್ರಿ ಹೊತ್ತು ಒಂದು ಪರೀಕ್ಷೆ ನಡೆಯುವುದುಂಟು. ಅದಕ್ಕೆ ಯಾವ ಉಪಕರಣವೂ ಬೇಡ. ಒಳಗಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಮರಿಗಳಿರುವ ತೊಟ್ಟಿಯೊಳಕ್ಕೆ ಬಗ್ಗಿ ನೋಡುತ್ತಾರೆ. ನೀರು ಕಪ್ಪಾಗಿಯೇ ಕಂಡರೆ ಸರಿ. ಅಲ್ಲಲ್ಲಿ ಮಿಂಚುಹುಳುವಿನಂತೆ ಹಸಿರು ಮಿಣುಕು ಕಂಡಿತೋ, ಆ ರಾತ್ರಿ ಹ್ಯಾಚರಿಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಿಣುಗುತ್ತಿರುವುದು ಸಿಗಡಿ ಮರಿಗಳ ಮೈ. ಆದರೆ ಬೆಳಕು ಅವುಗಳದಲ್ಲ, ಅವುಗಳ ಮೈತುಂಬ ಬೆಳೆದಿರುವ ಬ್ಯಾಕ್ಟೀರಿಯಾಗಳದು. ಒಂದೆರಡು ದಿನಗಳಲ್ಲಿ ತೊಟ್ಟಿಯಲ್ಲಿನ ಲಕ್ಷಗಟ್ಟಲೆ ಮರಿಗಳು ಸತ್ತು ತಳ ಸೇರಬಹುದು.

ಈ ಬ್ಯಾಕ್ಟೀರಿಯಾದ ಹೆಸರು ವಿಬ್ರಿಯೊ ಹಾರ್ವೇಯಿ. ಮನುಷ್ಯರಿಗೆ ಕಾಲರಾ ತರುವ ಬ್ಯಾಕ್ಟೀರಿಯಾದ ದಾಯಾದಿ. ಜೀವಿಗಳು ಹೊಮ್ಮಿಸುವ ಬೆಳಕನ್ನು ಬಹುಕಾಲ ಅಭ್ಯಸಿಸಿದ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನ್ಯೂಟನ್ ಹಾರ್ವೆ ಅವರ ಗೌರವಾರ್ಥ ಇದಕ್ಕೆ ಆ ಹೆಸರು ಬಂತು. ಸಮುದ್ರದ ನೀರಿನಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಒಂಟಿಯಾಗಿದ್ದಾಗ ಬೆಳಗುವುದಿಲ್ಲ. ಪ್ರತಿಯೊಂದು ಬ್ಯಾಕ್ಟೀರಿಯಾವೂ ಸಂಕೇತದಂಥ ಕೆಲವು ರಾಸಾಯನಿಕಗಳನ್ನು ನೀರಿಗೆ ಬಿಡುತ್ತಿರುತ್ತದೆ. ಸುತ್ತಮುತ್ತ ತನ್ನವರ ಸಂಖ್ಯೆ ಹೆಚ್ಚಿದಂತೆ ಆ ಸಂಕೇತ ಗಾಢವಾಗುತ್ತದೆ. ಅದು ಒಂದು ಮಟ್ಟ ಮೀರಿದಾಗ ಎಲ್ಲವೂ ಒಟ್ಟಿಗೇ ದೀಪ ಹಚ್ಚುತ್ತವೆ. ಹಾಗಾಗಿ ಹಸಿರು ಮಿಣುಕು ಕಣ್ಣಿಗೆ ಬೀಳುವ ಹೊತ್ತಿಗೆ ಶತ್ರುಸೈನ್ಯ ಕೋಟೆಯೊಳಗೆ ಜಮಾಯಿಸಿ ಆಗಿರುತ್ತದೆ.

ಇಂಥ ಶತ್ರುವನ್ನು ವೈರಸ್ ಬಿಟ್ಟು ಕೊಲ್ಲಿಸಬಹುದು ಎಂದು ತೋರಿಸಿಕೊಟ್ಟವರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳೂ ಇದ್ದಾರೆ. ದೇಶದಲ್ಲೇ ಮೊದಲನೆಯದಾಗಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಅದು. ಅಲ್ಲಿನ ಪ್ರಯೋಗದ ವಿವರಕ್ಕೆ ಹೋಗುವ ಮುನ್ನ ಒಂದು ಮಾತು. ಸಿಗಡಿ ಕೃಷಿಕರ ಮುಂದೆ ‘ವೈರಸ್’ ಎಂಬ ಪದವನ್ನು ಎತ್ತಿದರೆ ಅವರ ಮುಖದ ಕಳೆಯೇ ಬದಲಾಗುತ್ತದೆ. ಅದಕ್ಕೆ ಕಾರಣವೂ ಇದೆ.

ಬಿಳಿ ಚುಕ್ಕೆಯ ನೆನಪು

ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವಲ್ಲಿ ‘ಗಜನಿ’ ಎಂಬ ಭೂಮಿ ಇದೆ. ಉಪ್ಪುನೀರಿನ ಭರತ ಇಳಿತಗಳಿಗೆ ಒಡ್ಡು ಕಟ್ಟಿ ಮಾಡಿಕೊಂಡ ಗದ್ದೆಗಳು. ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಭರತದ ನೀರಿನೊಂದಿಗೆ ತಾನಾಗಿ ಒಳಬರುವ ಮೀನು ಮತ್ತು ಸಿಗಡಿ. ತಲೆಮಾರುಗಳಿಂದ ನಡೆದುಬಂದ ಈ ಪದ್ಧತಿಗೆ 1980ರ ದಶಕದ ಕೊನೆಯ ಹೊತ್ತಿಗೆ ಹೊಸ ಆಸೆಯೊಂದು ಅಂಟಿಕೊಂಡಿತು. ಟೈಗರ್ ಸಿಗಡಿಗೆ ಜಪಾನ್, ಅಮೆರಿಕ, ಯೂರೋಪುಗಳಲ್ಲಿ ಒಳ್ಳೆಯ ಬೆಲೆ. ಆಂಧ್ರ, ತಮಿಳುನಾಡು ತೀರಗಳಲ್ಲಿ ಕೊಳಗಳು ಎದ್ದವು. ಕರ್ನಾಟಕದ ಗಜನಿಗಳಲ್ಲೂ ಭತ್ತದ ಜಾಗವನ್ನು ಸಿಗಡಿ ಆಕ್ರಮಿಸಿತು.

1994ರ ಸುಮಾರಿಗೆ ಬಂದದ್ದು ಬಿಳಿ ಚುಕ್ಕೆ ರೋಗ. ಸಿಗಡಿಯ ಚಿಪ್ಪಿನ ಮೇಲೆ ಬಿಳಿಯ ಕಲೆಗಳು ಮೂಡಿ, ವಾರ ಹತ್ತು ದಿನದೊಳಗೆ ಇಡೀ ಕೊಳವೇ ಖಾಲಿ. ಅದು ವೈರಸ್ ರೋಗ. ಆಗಲೂ ಮದ್ದಿರಲಿಲ್ಲ, ಬಂದ ಮೇಲೆ ಗುಣಪಡಿಸುವ ಮದ್ದು ಈಗಲೂ ಇಲ್ಲ. ಸಾಲ ಮಾಡಿ ಮರಿ, ಮೇವು ತಂದವರು ಬರಿಗೈಯಾದರು. ಎಷ್ಟೋ ಕೊಳಗಳು ಪಾಳು ಬಿದ್ದವು. ಹೀಗಿರುವಾಗ ‘ನಿಮ್ಮ ತೊಟ್ಟಿಗೆ ವೈರಸ್ ಸುರಿಯೋಣ’ ಎಂದು ಯಾರಾದರೂ ಬಂದರೆ ಕೃಷಿಕರು ಅವರನ್ನು ಗೇಟಿನಿಂದಾಚೆಗೇ ನಿಲ್ಲಿಸುವುದು ಸಹಜ.

ಆದರೆ ವೈರಸ್‌ಗಳೆಲ್ಲ ಒಂದೇ ಜಾತಿಯಲ್ಲ. ಬಿಳಿ ಚುಕ್ಕೆಯ ವೈರಸ್ ಸಿಗಡಿ, ಏಡಿಗಳ ಜೀವಕೋಶಗಳನ್ನು ಹೊಕ್ಕು ಬೆಳೆಯುತ್ತದೆ. ಇಲ್ಲಿ ಹೇಳಹೊರಟಿರುವ ವೈರಸ್ ಬ್ಯಾಕ್ಟೀರಿಯಾದೊಳಗೆ ಮಾತ್ರ ಬೆಳೆಯಬಲ್ಲದು. ಸಿಗಡಿಯ ಜೀವಕೋಶದ ಬಾಗಿಲಿಗೆ ಅದರ ಕೀಲಿ ಹೊಂದುವುದೇ ಇಲ್ಲ. ಮನುಷ್ಯನ ಜೀವಕೋಶಕ್ಕಂತೂ ದೂರದ ಮಾತು.

ಔಷಧ ಸೋತದ್ದೆಲ್ಲಿ?

ಬ್ಯಾಕ್ಟೀರಿಯಾ ಕೊಲ್ಲಲು ಆಂಟಿಬಯಾಟಿಕ್ ಇರುವಾಗ ಈ ಸುತ್ತು ದಾರಿ ಏಕೆ ಎಂದು ಕೇಳಬಹುದು. ಹ್ಯಾಚರಿಗಳೂ ಮೊದಲು ಹಿಡಿದದ್ದು ಆ ನೇರ ದಾರಿಯನ್ನೇ.

ಹೆಣ್ಣು ಟೈಗರ್ ಸಿಗಡಿ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿ ನಾಪ್ಲಿಯಸ್, ಜೋಯಿಯಾ, ಮೈಸಿಸ್ ಎಂಬ ಮೂರು ರೂಪಗಳನ್ನು ದಾಟಿ, ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಪುಟ್ಟ ಸಿಗಡಿಯಂತೆ ಕಾಣಿಸತೊಡಗುತ್ತದೆ. ಈ ಅವಧಿಯಲ್ಲಿ ಅದು ಕೂದಲೆಳೆಯಷ್ಟು ಸೂಕ್ಷ್ಮ. ಬೆಚ್ಚಗಿನ ಉಪ್ಪುನೀರು, ತಿಂದುಳಿದ ಮೇವು, ಮಲ, ಕಿಕ್ಕಿರಿದ ಮರಿಗಳು: ವಿಬ್ರಿಯೊಗೆ ಇದಕ್ಕಿಂತ ಅನುಕೂಲದ ಮನೆ ಬೇರೆ ಸಿಗದು. ರೋಗ ಬರುವ ಮೊದಲೇ ಇರಲಿ ಎಂದು ನೀರಿಗೆ ಆಂಟಿಬಯಾಟಿಕ್ ಬೆರೆಸುವುದು ಹಲವೆಡೆ ನಿತ್ಯದ ಕೆಲಸವಾಯಿತು. ಪ್ರಮಾಣವೂ ಅಂದಾಜಿನದು. ಇಂಥ ಅರೆಬರೆ ಪ್ರಮಾಣದ ಔಷಧ ಬ್ಯಾಕ್ಟೀರಿಯಾಗಳಿಗೆ ಶಿಕ್ಷೆಯಾಗುವುದಕ್ಕಿಂತ ಶಿಕ್ಷಣವಾಗುವುದೇ ಹೆಚ್ಚು. ಸಾಯುವವು ಸತ್ತು, ಔಷಧವನ್ನು ಜೀರ್ಣಿಸಿಕೊಂಡವು ಉಳಿದು ಸಂತಾನ ಬೆಳೆಸುತ್ತವೆ.

ಮಂಗಳೂರಿನ ಕಾಲೇಜಿನಲ್ಲಿ ಮೀನಿನ ರೋಗಾಣುಗಳ ಸಂಶೋಧನೆಯಲ್ಲಿ ತೊಡಗಿದ್ದ ಡಾ. ಇಂದ್ರಾಣಿ ಕರುಣಾಸಾಗರ್ ಮತ್ತು ಡಾ. ಇಡ್ಯ ಕರುಣಾಸಾಗರ್ ದಂಪತಿ ಹಾಗೂ ಸಂಗಡಿಗರು 1994ರಲ್ಲೇ ಈ ಅಪಾಯವನ್ನು ದಾಖಲಿಸಿದ್ದರು. ಟೈಗರ್ ಸಿಗಡಿ ಮರಿಗಳ ಸಾಮೂಹಿಕ ಸಾವಿಗೆ ಕಾರಣವಾದ ವಿಬ್ರಿಯೊ ಹಾರ್ವೇಯಿ ಒಂದಲ್ಲ, ಹಲವು ಆಂಟಿಬಯಾಟಿಕ್‌ಗಳಿಗೆ ಜಗ್ಗದ ತಳಿಯಾಗಿತ್ತು. ಔಷಧ ಸುರಿದಷ್ಟೂ ಮರಿ ಸಾಯುವುದು ಏಕೆಂಬ ಒಗಟಿಗೆ ಅಲ್ಲಿ ಉತ್ತರವಿತ್ತು.

ಇನ್ನೊಂದು ಪೆಟ್ಟು ಹೊರಗಿನಿಂದ ಬಂತು. 2000ದ ದಶಕದ ಆರಂಭದಲ್ಲಿ ಏಷ್ಯಾದ ದೇಶಗಳಿಂದ ಹೋದ ಸಿಗಡಿಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ಗಳ ಅಂಶ ಯೂರೋಪಿನ ಪ್ರಯೋಗಶಾಲೆಗಳಲ್ಲಿ ಪತ್ತೆಯಾಗಿ ಸರಕು ತಿರಸ್ಕೃತವಾಗತೊಡಗಿತು. ಕ್ಲೋರಾಂಫೆನಿಕಾಲ್ ಕೆಲವರಲ್ಲಿ ಮೂಳೆಯ ಮಜ್ಜೆಯನ್ನೇ ಬತ್ತಿಸಿ ರಕ್ತ ಹುಟ್ಟದಂತೆ ಮಾಡಬಲ್ಲ ಔಷಧ. ಅದರ ಲವಲೇಶವೂ ಆಹಾರದಲ್ಲಿರಬಾರದೆಂಬ ಹಟದಲ್ಲಿ ತಪ್ಪಿಲ್ಲ. ಭಾರತದಲ್ಲೂ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ರಚನೆಯಾಗಿ, ಹಲವು ಆಂಟಿಬಯಾಟಿಕ್‌ಗಳ ಬಳಕೆಗೆ ನಿಷೇಧ ಬಿತ್ತು.

ಹಾಗಾದರೆ ಲಸಿಕೆ? ಈ ಪ್ರಶ್ನೆಯನ್ನು ಕೇಳಲೇಬೇಕು. ಏಕೆಂದರೆ ನಾರ್ವೆ ದೇಶ ಸಾಲ್ಮನ್ ಮೀನಿನ ಕೃಷಿಯಲ್ಲಿ ಗೆದ್ದದ್ದು ಲಸಿಕೆಯಿಂದ. 1987ರಲ್ಲಿ ಆ ದೇಶ ತನ್ನ ಸಾಕು ಮೀನುಗಳಿಗೆ ಸುಮಾರು 48 ಟನ್ ಆಂಟಿಬಯಾಟಿಕ್ ಉಣಿಸಿತ್ತು. ಒಳ್ಳೆಯ ಲಸಿಕೆಗಳು ಬಂದ ಮೇಲೆ, ಮೀನಿನ ಉತ್ಪಾದನೆ ಎಷ್ಟೋ ಪಟ್ಟು ಏರಿದ್ದರೂ, ಇತ್ತೀಚಿನ ವರ್ಷಗಳಲ್ಲಿ ಆ ಪ್ರಮಾಣ ಒಂದು ಟನ್ನಿಗೂ ಕೆಳಗಿಳಿದಿದೆ. ಆದರೆ ಮೀನಿಗೆ ಬೆನ್ನೆಲುಬಿದೆ, ರಕ್ತದಲ್ಲಿ ಪ್ರತಿಕಾಯಗಳನ್ನು ತಯಾರಿಸುವ ವ್ಯವಸ್ಥೆಯಿದೆ. ಒಮ್ಮೆ ಕಂಡ ರೋಗಾಣುವನ್ನು ಅದರ ಮೈ ನೆನಪಿಟ್ಟುಕೊಳ್ಳುತ್ತದೆ. ಸಿಗಡಿ ಬೆನ್ನೆಲುಬಿಲ್ಲದ ಪ್ರಾಣಿ. ಅದರಲ್ಲಿ ಪ್ರತಿಕಾಯಗಳು ಹುಟ್ಟುವುದಿಲ್ಲ. ಸಾಲ್ಮನ್‌ಗೆ ಹಾಕಿದಂತೆ ಅದಕ್ಕೆ ಲಸಿಕೆ ಹಾಕಿ ನಿಶ್ಚಿಂತರಾಗುವಂತಿಲ್ಲ. ಔಷಧ ಕೈಕೊಟ್ಟಿತು, ಲಸಿಕೆ ಕೈಗೆಟುಕದು. ಆಗ ವಿಜ್ಞಾನಿಗಳ ಗಮನ ಹರಿದದ್ದು ಬ್ಯಾಕ್ಟೀರಿಯಾಗಳ ಹಳೆಯ ವೈರಿಯ ಕಡೆಗೆ.

ಗಂಗೆಯ ನೀರು, ಪ್ಯಾರಿಸಿನ ಹೆಸರು

ಈ ವೈರಿಯ ಕಥೆ ಶುರುವಾಗುವುದೂ ಭಾರತದಲ್ಲೇ ಎನ್ನಬಹುದು. ಅರ್ನೆಸ್ಟ್ ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ ಆಗ್ರಾದಲ್ಲಿ ಸರ್ಕಾರಿ ಪರೀಕ್ಷಕರಾಗಿದ್ದರು. ಗಂಗಾ, ಯಮುನಾ ನದಿಗಳ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ಅದೇ ನೀರನ್ನು ಕುದಿಸಿದರೆ ಆ ಗುಣ ಹೋಗಿಬಿಡುತ್ತದೆ ಎಂದು 1896ರಲ್ಲಿ ಅವರು ಬರೆದರು. ನೀರಿನಲ್ಲಿದ್ದದ್ದು ನಿಜಕ್ಕೂ ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ಸೇ ಎಂಬುದು ಇಂದಿಗೂ ಚರ್ಚೆಯ ವಿಷಯ. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವೋರ್ಟ್, 1917ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ಇಬ್ಬರೂ ಬೇರೆ ಬೇರೆಯಾಗಿ ಇಂಥ ಅದೃಶ್ಯ ಕೊಲೆಗಾರನನ್ನು ಕಂಡರು. ದೆರೆಲ್ ಅದಕ್ಕೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಎಂದರೆ ಬ್ಯಾಕ್ಟೀರಿಯಾ ಭಕ್ಷಕ. ಪ್ರಯೋಗಶಾಲೆಗಳಲ್ಲಿ ಅದನ್ನು ಚಿಕ್ಕದಾಗಿ ‘ಫೇಜ್’ ಎನ್ನುತ್ತಾರೆ. 1920ರ ದಶಕದಲ್ಲಿ ದೆರೆಲ್ ಭಾರತಕ್ಕೂ ಬಂದು ಕಾಲರಾ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿದ್ದರು. ಪೆನಿಸಿಲಿನ್ ಬಂದ ಮೇಲೆ ಪಶ್ಚಿಮದ ದೇಶಗಳು ಫೇಜ್ ಅನ್ನು ಮರೆತವು. ಆದರೆ ಜಾರ್ಜಿಯಾದ ಟ್ಬಿಲಿಸಿಯ ಸಂಸ್ಥೆಯೊಂದು ಪಟ್ಟುಬಿಡದೆ ಅದನ್ನು ಔಷಧವಾಗಿ ಬಳಸುತ್ತ ಬಂತು.

ಭಕ್ಷಕ ಎಂಬ ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಫೇಜ್ ಏನನ್ನೂ ತಿನ್ನುವುದಿಲ್ಲ. ಅದಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಪ್ರೋಟೀನಿನ ಒಂದು ತಲೆ, ಅದರೊಳಗೆ ಸುತ್ತಿಟ್ಟ ಡಿಎನ್‌ಎ ಎಳೆ, ಹೆಚ್ಚಿನವಕ್ಕೆ ಒಂದು ಬಾಲ. ಅಷ್ಟೇ ಅದರ ಆಸ್ತಿ. ಬ್ಯಾಕ್ಟೀರಿಯಾವನ್ನು ಸಿಪ್ಪೆ ಸಹಿತ ತೆಂಗಿನಕಾಯಿಯಷ್ಟು ಹಿಗ್ಗಿಸಿದರೆ ಫೇಜ್‌ನ ತಲೆ ಹುಣಿಸೆಬೀಜದ ಆಸುಪಾಸಿನದು. ನೀರಿನಲ್ಲಿ ತೇಲುತ್ತ ತೇಲುತ್ತ ಅದು ಬ್ಯಾಕ್ಟೀರಿಯಾಕ್ಕೆ ತಾಗುತ್ತದೆ. ಬ್ಯಾಕ್ಟೀರಿಯಾದ ಹೊರಗೋಡೆಯ ಮೇಲಿನ ಒಂದು ನಿರ್ದಿಷ್ಟ ಅಣುವಿಗೆ ಬಾಲದ ತುದಿ ಹೊಂದಿಕೊಂಡರೆ ಸರಿ, ಇಲ್ಲವಾದರೆ ಕಳಚಿಕೊಂಡು ಮುಂದಕ್ಕೆ. ಹೊಂದಿತೆಂದರೆ ತನ್ನ ಡಿಎನ್‌ಎಯನ್ನು ಒಳಕ್ಕೆ ತೂರಿಸುತ್ತದೆ. ಆ ಕ್ಷಣದಿಂದ ಬ್ಯಾಕ್ಟೀರಿಯಾದ ಕಾರ್ಖಾನೆ ತನ್ನ ಕೆಲಸ ಬಿಟ್ಟು ಫೇಜ್‌ಗಳನ್ನು ತಯಾರಿಸಲು ತೊಡಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗೋಡೆ ಒಡೆದು ಹತ್ತಾರು, ನೂರಾರು ಹೊಸ ಫೇಜ್‌ಗಳು ಹೊರಬೀಳುತ್ತವೆ.

ಶಾಲಾ ಮಕ್ಕಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ಒಂದು ಫೇಜ್ ಅರ್ಧ ಗಂಟೆಗೆ ನೂರಾಗುತ್ತದೆ ಎಂದಿಟ್ಟುಕೊಳ್ಳಿ. ಬ್ಯಾಕ್ಟೀರಿಯಾಗಳಿಗೆ ಬರವಿಲ್ಲದಿದ್ದರೆ ಎರಡು ಗಂಟೆಯಲ್ಲಿ ನಾಲ್ಕು ಸುತ್ತು. ಒಂದನ್ನು ನೂರರಿಂದ ನಾಲ್ಕು ಬಾರಿ ಗುಣಿಸುತ್ತ ಹೋದರೆ ಹತ್ತು ಕೋಟಿ! ಕೊಟ್ಟ ಮೇಲೆ ತಾನಾಗಿ ಹೆಚ್ಚುವ ಔಷಧ ಅಪರೂಪ. ಬ್ಯಾಕ್ಟೀರಿಯಾ ಮುಗಿದ ಮೇಲೆ ಫೇಜ್‌ಗೂ ಬಾಳಿಲ್ಲ, ಬಿಸಿಲಿಗೆ, ಕಾಲಕ್ಕೆ ಸಿಕ್ಕಿ ನಿಧಾನವಾಗಿ ನಾಶವಾಗುತ್ತದೆ. ಮರಿಗಳ ಹೊಟ್ಟೆಯಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳ ಗೊಡವೆಗೆ ಅದು ಹೋಗುವುದಿಲ್ಲ. ಆಂಟಿಬಯಾಟಿಕ್‌ಗೆ ಈ ವಿವೇಚನೆ ಇಲ್ಲ.

ಮಂಗಳೂರಿನ ತೊಟ್ಟಿಗಳು

ಬೇಕಾದ ಫೇಜ್ ಹುಡುಕುವುದು ಹೇಗೆ? ಅದು ಕಾಡುಮೇಡು ಅಲೆಯುವ ಕೆಲಸವಲ್ಲ. ಒಂದು ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಸುಮಾರು ಒಂದು ಕೋಟಿ ವೈರಸ್ ಕಣಗಳಿರುತ್ತವೆ, ಅವುಗಳಲ್ಲಿ ಬಹುಪಾಲು ಫೇಜ್‌ಗಳೇ. ಯಾವ ಬ್ಯಾಕ್ಟೀರಿಯಾ ಎಲ್ಲಿ ಹೆಚ್ಚಾಗಿದೆಯೋ ಅದರ ಫೇಜ್ ಕೂಡ ಅಲ್ಲೇ ಸಿಗುವ ಸಂಭವ ಹೆಚ್ಚು. ಮಂಗಳೂರಿನ ತಂಡ ಪಶ್ಚಿಮ ಕರಾವಳಿಯ ಸಿಗಡಿ ಕೃಷಿ ಕೊಳದ ನೀರನ್ನೇ ತಂದಿತು.

ಕ್ರಮ ಸರಳ. ಸಂಗ್ರಹಿಸಿದ ನೀರಿಗೆ ವಿಬ್ರಿಯೊ ಹಾರ್ವೇಯಿಯನ್ನೂ ಅದಕ್ಕೆ ಬೇಕಾದ ಆಹಾರವನ್ನೂ ಸೇರಿಸಿ ಬೆಳೆಯಲು ಬಿಡುತ್ತಾರೆ. ಅದರ ಫೇಜ್ ಇದ್ದರೆ ಹೊಟ್ಟೆ ತುಂಬ ಊಟ ಸಿಕ್ಕಂತಾಗಿ ಹೆಚ್ಚುತ್ತದೆ. ಮರುದಿನ ಆ ನೀರನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರಗಳ ಸೋಸುಹಾಳೆಯಲ್ಲಿ ಸೋಸುತ್ತಾರೆ. ವೈರಸ್ ಮಾತ್ರ ಕೆಳಗಿಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಅಗಾರ್ ಲೋಳೆಯ ಮೇಲೆ ವಿಬ್ರಿಯೊವನ್ನು ಹಾಲಿನ ಕೆನೆಯಂತೆ ಸಮನಾಗಿ ಬೆಳೆಸಿ, ಸೋಸಿದ ನೀರನ್ನು ಅದರೊಂದಿಗೆ ಬೆರೆಸಿರುತ್ತಾರೆ. ಫೇಜ್ ಬಿದ್ದ ಕಡೆಯಲ್ಲೆಲ್ಲ ಕೆನೆಯಲ್ಲಿ ತೂತು ಬಿದ್ದಂತೆ ತಿಳಿಯಾದ ಚುಕ್ಕಿ ಮೂಡುತ್ತದೆ. ಒಂದೊಂದು ಚುಕ್ಕಿಯೂ ಒಂದು ಫೇಜ್ ನಡೆಸಿದ ಸಂಹಾರದ ಗುರುತು. ಆ ಚುಕ್ಕಿಗಳನ್ನು ಎಣಿಸಿ, ಬರಿಗಣ್ಣಿಗೆ ಎಂದೂ ಕಾಣದ ಫೇಜ್‌ಗಳ ಸಂಖ್ಯೆಯನ್ನು ಲೆಕ್ಕ ಹಾಕುತ್ತಾರೆ. ಕೋಟ್ಯಂತರ ರೂಪಾಯಿಯ ಯಂತ್ರವಿಲ್ಲದ ಪ್ರಯೋಗಾಲಯದಲ್ಲೂ ಮಾಡಬಹುದಾದ ಈ ಎಣಿಕೆ ಜೀವಶಾಸ್ತ್ರದ ಅತಿ ಸುಂದರ ಉಪಾಯಗಳಲ್ಲಿ ಒಂದು.

ಹೀಗೆ ಸಿಕ್ಕ ಫೇಜ್ ಅನ್ನು ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ವಿಬ್ರಿಯೊ ಹಾರ್ವೇಯಿ ಬೆರೆಸಿದ ನೀರಿನಲ್ಲಿ ಟೈಗರ್ ಸಿಗಡಿ ಮರಿಗಳನ್ನು ಬಿಟ್ಟಾಗ ಫೇಜ್ ಇಲ್ಲದೆಡೆ ಉಳಿದದ್ದು ಶೇಕಡ 25. ಎರಡು ಬಾರಿ ಫೇಜ್ ಹಾಕಿದೆಡೆ ಶೇಕಡ 80. ಆಮೇಲಿನದು ನಿಜವಾದ ಸವಾಲು: ಹ್ಯಾಚರಿಯಲ್ಲಿ 17 ದಿನಗಳ ಪರೀಕ್ಷೆ. ಏನೂ ಹಾಕದ ತೊಟ್ಟಿಯಲ್ಲಿ ಶೇಕಡ 17 ಮರಿಗಳು ಉಳಿದವು. ಹ್ಯಾಚರಿಯವರು ರೂಢಿಯಂತೆ ಆಂಟಿಬಯಾಟಿಕ್ ಹಾಕಿದ ತೊಟ್ಟಿಯಲ್ಲಿ ಶೇಕಡ 40. ಫೇಜ್ ಹಾಕಿದ ತೊಟ್ಟಿಯಲ್ಲಿ ಶೇಕಡ 86! ಬೆಳಗುವ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಅಲ್ಲಿ ಇಳಿಯಿತು. 2006ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹ್ಯಾಚರಿ ನಡೆಸುವವರ ಕಣ್ಣಿನಿಂದ ನೋಡಿದರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಹತ್ತು ಲಕ್ಷ ಮರಿ ಬಿಟ್ಟಲ್ಲಿ ನಾಲ್ಕು ಲಕ್ಷ ಮಾರಾಟಕ್ಕೆ ಸಿಗುವುದಕ್ಕೂ ಎಂಟೂವರೆ ಲಕ್ಷ ಸಿಗುವುದಕ್ಕೂ ಇರುವ ವ್ಯತ್ಯಾಸವೆಂದರೆ ನಷ್ಟಕ್ಕೂ ಲಾಭಕ್ಕೂ ಇರುವ ವ್ಯತ್ಯಾಸ.

ಮರುವರ್ಷ ಅದೇ ತಂಡ ಇನ್ನೊಂದು ತೊಡಕಿಗೆ ಕೈಹಾಕಿತು. ವಿಬ್ರಿಯೊಗಳು ನೀರಿನಲ್ಲಿ ತೇಲುವುದಷ್ಟೇ ಅಲ್ಲ, ತೊಟ್ಟಿಯ ಗೋಡೆ, ಪ್ಲಾಸ್ಟಿಕ್ ಕೊಳವೆಗಳ ಒಳಮೈಗೆ ಪಾಚಿಯಂತೆ ಅಂಟಿ ಲೋಳೆಯ ಪೊರೆ ಕಟ್ಟುತ್ತವೆ. ಅದರೊಳಗೆ ಹುದುಗಿದವನ್ನು ಆಂಟಿಬಯಾಟಿಕ್ ಆಗಲಿ, ತೊಟ್ಟಿ ತೊಳೆಯುವ ರಾಸಾಯನಿಕವಾಗಲಿ ಸುಲಭವಾಗಿ ಮುಟ್ಟಲಾರದು. ತೊಟ್ಟಿ ಚೆನ್ನಾಗಿ ತೊಳೆದರೂ ಮುಂದಿನ ಸರದಿಯ ಮರಿಗಳಿಗೆ ರೋಗ ತಗಲುವ ಗುಟ್ಟು ಇದೇ. ಸಿಂಪಿಯ ಮಾಂಸದಿಂದಲೂ ಹ್ಯಾಚರಿಯ ನೀರಿನಿಂದಲೂ ಹೊಸದಾಗಿ ಬೇರ್ಪಡಿಸಿದ ಫೇಜ್‌ಗಳು ಈ ಪೊರೆಯೊಳಗಿನ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನೂ ತಗ್ಗಿಸಿದವು. ಹ್ಯಾಚರಿಯಲ್ಲಿ ಈ ಬಾರಿಯೂ ಶೇಕಡ 85ಕ್ಕಿಂತ ಹೆಚ್ಚು ಮರಿಗಳು ಬದುಕಿದವು.

ಮೀನಿನಲ್ಲಿ ಈ ಉಪಾಯವನ್ನು ಮೊದಲು ಗಂಭೀರವಾಗಿ ಹಚ್ಚಿ ನೋಡಿದವರು ಜಪಾನೀಯರು. ಅಲ್ಲಿನ ನದಿಗಳಲ್ಲಿ ಆಯು ಎಂಬ ಮೀನಿದೆ. ಹಸಿ ಸೌತೆಕಾಯಿಯ ಪರಿಮಳ ಸೂಸುವ ಈ ಮೀನು ಜಪಾನೀಯರಿಗೆ ಬಲು ಪ್ರಿಯ. ಸಾಕಣೆಯ ಆಯು ಮೀನುಗಳಿಗೆ ಹೊಟ್ಟೆಯಲ್ಲಿ ರಕ್ತಮಿಶ್ರಿತ ನೀರು ತುಂಬಿಕೊಳ್ಳುವ ರೋಗವೊಂದು ತಗಲುತ್ತದೆ. ಹಿರೋಷಿಮಾ ವಿಶ್ವವಿದ್ಯಾಲಯದ ನಕಾಯಿ ಮತ್ತು ಸಂಗಡಿಗರು ಆ ಬ್ಯಾಕ್ಟೀರಿಯಾದ ಫೇಜ್ ಅನ್ನು ಮೇವಿನಲ್ಲಿ ನೆನೆಸಿ ತಿನ್ನಿಸಿದರು. 2000ದಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಬರಿಯ ಮೇವು ತಿಂದ ಮೀನುಗಳಲ್ಲಿ ಶೇಕಡ 65 ಸತ್ತರೆ, ಫೇಜ್ ಮೇವು ತಿಂದವುಗಳಲ್ಲಿ ಸತ್ತದ್ದು ಶೇಕಡ 22.5. ಮುಂದೆ ರೋಗ ತಾನಾಗಿ ಬಂದಿದ್ದ ಕೊಳವೊಂದರಲ್ಲಿ ಎರಡು ವಾರ ಇದೇ ಮೇವು ಹಾಕಿದಾಗ ದಿನದಿನದ ಸಾವು ಮೂರನೆಯ ಒಂದಕ್ಕೆ ಇಳಿಯಿತು.

ಕಳ್ಳನಿಗೆ ಕತ್ತಿ ಕೊಡುವ ಫೇಜ್

ಇಷ್ಟು ಓದಿದವರಿಗೆ, ಸಿಕ್ಕ ಫೇಜ್ ಅನ್ನೆಲ್ಲ ಕ್ಯಾನಿನಲ್ಲಿ ತುಂಬಿ ಮಾರಬಹುದಲ್ಲ ಎನ್ನಿಸಿದರೆ ಆಶ್ಚರ್ಯವಿಲ್ಲ. ಇಲ್ಲೇ ಎಚ್ಚರ ಬೇಕಾದದ್ದು.

ಫೇಜ್‌ಗಳಲ್ಲಿ ಎರಡು ಸ್ವಭಾವದವು ಇವೆ. ಒಂದು, ಹೊಕ್ಕ ಮನೆಯನ್ನು ಒಡೆದು ಹೊರಬರುವಂಥವು. ಇನ್ನೊಂದು, ಹೊಕ್ಕ ಮನೆಯಲ್ಲೇ ಬಿಡಾರ ಹೂಡುವಂಥವು. ಎರಡನೆಯ ಬಗೆಯವು ತಮ್ಮ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಹೊಸೆದುಬಿಟ್ಟು, ಬ್ಯಾಕ್ಟೀರಿಯಾ ಇಬ್ಭಾಗವಾದಾಗಲೆಲ್ಲ ತಾವೂ ಹೆಚ್ಚುತ್ತವೆ. ಬಾಡಿಗೆಯಾಗಿ ಕೆಲವೊಮ್ಮೆ ಹೊಸ ಗುಣವೊಂದನ್ನು ಕೊಡುತ್ತವೆ. ಆ ಗುಣ ವಿಷವೂ ಆಗಿರಬಹುದು. ಕಾಲರಾ ರೋಗಿಯನ್ನು ಭೇದಿಯಿಂದ ಬತ್ತಿಸುವ ವಿಷದ ಜೀನ್ ಮೂಲತಃ ಬ್ಯಾಕ್ಟೀರಿಯಾದ್ದಲ್ಲ, ಅದರೊಳಗೆ ಸೇರಿಕೊಂಡ ಫೇಜ್‌ನದು ಎಂದು 1996ರಲ್ಲಿ ಅಮೆರಿಕದ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ತೋರಿಸಿದಾಗ ವೈದ್ಯಲೋಕವೇ ಬೆರಗಾಗಿತ್ತು.

ಸಿಗಡಿಯ ಶತ್ರುವಿನಲ್ಲೂ ಇದೇ ಕಥೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸಂಶೋಧಕರು ವಿಬ್ರಿಯೊ ಹಾರ್ವೇಯಿಯ ಉಗ್ರ ತಳಿಯೊಂದರಲ್ಲಿ ಇಂಥ ಬಿಡಾರದ ಫೇಜ್ ಒಂದನ್ನು 2000ದಲ್ಲಿ ಗುರುತಿಸಿದರು. ಆ ಫೇಜ್ ಅನ್ನು ನಿರುಪದ್ರವಿ ತಳಿಗಳಿಗೆ ಸೋಂಕಿಸಿದಾಗ ಅವೂ ಸಿಗಡಿ ಮರಿಗಳನ್ನು ಕೊಲ್ಲತೊಡಗಿದವು! ಮಂಗಳೂರಿನಲ್ಲಿ ಕಾವಲುಗಾರನಾದ ಫೇಜ್, ಕ್ವೀನ್ಸ್‌ಲ್ಯಾಂಡಿನಲ್ಲಿ ಕಳ್ಳನ ಕೈಗೆ ಕತ್ತಿ ಕೊಟ್ಟ ಫೇಜ್, ಎರಡೂ ಒಂದೇ ಬ್ಯಾಕ್ಟೀರಿಯಾದ ಅತಿಥಿಗಳು. ಹೊರನೋಟದಲ್ಲಿ ಯಾವುದು ಯಾವುದೆಂದು ಹೇಳಲಾಗದು. ಆದ್ದರಿಂದ ಬಳಕೆಗೆ ಮುನ್ನ ಫೇಜ್‌ನ ಡಿಎನ್‌ಎಯನ್ನು ಪೂರ್ತಿ ಓದಿ, ಬಿಡಾರ ಹೂಡುವ ಜೀನ್, ವಿಷದ ಜೀನ್, ಆಂಟಿಬಯಾಟಿಕ್‌ಗೆ ಜಗ್ಗದ ಜೀನ್ ಯಾವುದೂ ಅದರಲ್ಲಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. 1990ರ ದಶಕದಲ್ಲಿ ಇದು ವರ್ಷಗಟ್ಟಲೆ ಹಿಡಿಯಬಹುದಾಗಿದ್ದ ಕೆಲಸ. ಈಗ ಕೆಲವೇ ದಿನಗಳಲ್ಲಿ ಆಗುತ್ತದೆ. ಹಾಗಾಗಿ ಓದದೆ ಬಳಸಿದೆವು ಎನ್ನಲು ಈಗ ನೆಪವಿಲ್ಲ.

ಇನ್ನೊಂದು ತೊಡಕು ಬ್ಯಾಕ್ಟೀರಿಯಾದ ಕಡೆಯಿಂದ. ಫೇಜ್ ಅಂಟಿಕೊಳ್ಳುವ ಅಣುವನ್ನು ಬದಲಿಸಿಕೊಂಡ ಬ್ಯಾಕ್ಟೀರಿಯಾ ಒಂದಿದ್ದರೆ ಅದು ಪಾರಾಗಿ ಹೆಚ್ಚುತ್ತದೆ. ಆಂಟಿಬಯಾಟಿಕ್‌ಗೆ ಆದ ಗತಿ ಫೇಜ್‌ಗೂ ಆಗಬಹುದು. ಅದಕ್ಕೇ ಬೇರೆ ಬೇರೆ ಅಣುಗಳಿಗೆ ಅಂಟುವ ಹಲವು ಫೇಜ್‌ಗಳನ್ನು ಬೆರೆಸಿ ಕೊಡುವುದು ರೂಢಿ. ಒಂದರ ಕೈಯಿಂದ ತಪ್ಪಿಸಿಕೊಂಡದ್ದು ಇನ್ನೊಂದರ ಕೈಗೆ ಸಿಗಲಿ ಎಂದು. ಒಂದು ಸಮಾಧಾನವೂ ಉಂಟು. ಆ ಅಣುವನ್ನು ಬ್ಯಾಕ್ಟೀರಿಯಾ ಸುಮ್ಮನೆ ಇಟ್ಟುಕೊಂಡಿರುವುದಿಲ್ಲ, ಅದರಿಂದ ಏನಾದರೂ ಕೆಲಸವಿರುತ್ತದೆ. ಅದನ್ನು ಕಳೆದುಕೊಂಡ ಬ್ಯಾಕ್ಟೀರಿಯಾ ಎಷ್ಟೋ ಸಲ ಮೊದಲಿನಷ್ಟು ಬಲಶಾಲಿಯಾಗಿರುವುದಿಲ್ಲ.

ತೊಟ್ಟಿ ಬೇರೆ, ಕೊಳ ಬೇರೆ

ಹ್ಯಾಚರಿಯಲ್ಲಿ ಗೆದ್ದದ್ದು ಕೊಳದಲ್ಲೂ ಗೆಲ್ಲುತ್ತದೆಯೆ? ಉತ್ತರಕ್ಕೆ ಮತ್ತೆ ಸ್ವಲ್ಪ ಗಣಿತ ಬೇಕು. ಹತ್ತು ಸಾವಿರ ಲೀಟರಿನ ಹ್ಯಾಚರಿ ತೊಟ್ಟಿಯಲ್ಲಿ ಪ್ರತಿ ಮಿಲಿಲೀಟರಿಗೆ ಹತ್ತು ಲಕ್ಷ ಫೇಜ್ ಇರಬೇಕೆಂದುಕೊಳ್ಳೋಣ. ಪ್ರಯೋಗಾಲಯದಲ್ಲಿ ಬೆಳೆಸಿದ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ ಸಾವಿರ ಕೋಟಿ ಫೇಜ್ ಇದ್ದರೆ, ತೊಟ್ಟಿಗೆ ಒಂದು ಲೀಟರ್ ದ್ರಾವಣ ಸಾಕು. ಅದೇ ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ಕೊಳದಲ್ಲಿ ಒಂದು ಕೋಟಿ ಲೀಟರ್ ನೀರಿರುತ್ತದೆ. ಅಲ್ಲಿಗೆ ಸಾವಿರ ಲೀಟರ್ ದ್ರಾವಣ ಬೇಕು! ಮೇಲೆ ಸುಡುವ ಬಿಸಿಲು. ಸೂರ್ಯನ ಅತಿನೇರಳೆ ಕಿರಣ ಫೇಜ್‌ಗಳನ್ನು ಕೊಲ್ಲುತ್ತದೆ. ಕೆಸರಿಗೆ ಅಂಟಿ ಎಷ್ಟೋ ಫೇಜ್‌ಗಳು ಕೆಲಸಕ್ಕೆ ಬಾರದಾಗುತ್ತವೆ. ಆದ್ದರಿಂದ ಸದ್ಯಕ್ಕೆ ಫೇಜ್‌ನ ನಿಜವಾದ ಜಾಗ ಸೂರಿನಡಿಯ ಹ್ಯಾಚರಿ ತೊಟ್ಟಿ. ಕೊಳದ ಮೀನು, ಸಿಗಡಿಗಳಿಗಾದರೆ ಜಪಾನೀಯರಂತೆ ಮೇವಿನಲ್ಲಿ ಬೆರೆಸುವುದೇ ಮೇಲು.

ಇದಕ್ಕಿಂತ ದೊಡ್ಡ ಷರತ್ತು ಇನ್ನೊಂದಿದೆ. ಮರಿ ಸಾಯುತ್ತಿದೆ ಎಂದ ಕೂಡಲೇ ಫೇಜ್ ಸುರಿದರೆ ಪ್ರಯೋಜನವಿಲ್ಲ. ಕೊಲ್ಲುತ್ತಿರುವ ಬ್ಯಾಕ್ಟೀರಿಯಾ ಯಾವುದು, ಅದರ ಯಾವ ತಳಿ ಎಂಬುದು ಮೊದಲು ತಿಳಿಯಬೇಕು. ಕೆಲವು ಫೇಜ್‌ಗಳು ಒಂದೇ ಜಾತಿಯ ಬ್ಯಾಕ್ಟೀರಿಯಾದಲ್ಲೂ ಕೆಲವು ತಳಿಗಳನ್ನು ಕೊಂದು ಕೆಲವನ್ನು ಬಿಟ್ಟುಬಿಡುತ್ತವೆ. ಬಿಳಿ ಚುಕ್ಕೆ ರೋಗಕ್ಕಂತೂ ಫೇಜ್‌ನಿಂದ ಉಪಯೋಗವೇ ಇಲ್ಲ, ಅದು ಬ್ಯಾಕ್ಟೀರಿಯಾ ರೋಗವಲ್ಲ. ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ರಕ್ತ ಪರೀಕ್ಷೆಗೆ ಕಾಯದೆ ಅಂಗಡಿಯಿಂದ ಗುಳಿಗೆ ತರುವ ಅಭ್ಯಾಸ ಎಷ್ಟೋ ತಂದೆತಾಯಂದಿರಿಗಿದೆ. ಅದೇ ಅಭ್ಯಾಸ ಹ್ಯಾಚರಿಯಲ್ಲೂ ಇದ್ದದ್ದರಿಂದ ಆಂಟಿಬಯಾಟಿಕ್ ಕೆಟ್ಟಿತು. ಫೇಜ್ ಆ ಅಭ್ಯಾಸಕ್ಕೆ ಒಗ್ಗುವುದೇ ಇಲ್ಲ. ಕೆಲವರಿಗೆ ಇದು ಫೇಜ್‌ನ ದೋಷವಾಗಿ ಕಂಡೀತು. ಆದರೆ ಪರೀಕ್ಷೆ ಮಾಡಿಸಿಯೇ ಮದ್ದು ಕೊಡುವಂತೆ ಒತ್ತಾಯಿಸುವ ಮದ್ದು ಕೆಟ್ಟದ್ದೇನಲ್ಲ.

ಹೊಸ ಶತ್ರುವೂ ಬಂದಿದೆ. ಕೊಳಕ್ಕೆ ಬಿಟ್ಟ ತಿಂಗಳೊಳಗೆ ಸಿಗಡಿ ಮರಿಗಳ ಯಕೃತ್ತಿನಂಥ ಅಂಗ ಕರಗಿ ಸಾಯುವ ರೋಗ 2009ರ ಸುಮಾರಿಗೆ ಚೀನಾದಲ್ಲಿ ಕಾಣಿಸಿಕೊಂಡು, ವಿಯೆಟ್ನಾಂ, ಮಲೇಷ್ಯಾ, ಥಾಯ್ಲೆಂಡ್‌ಗಳಿಗೆ ಹಬ್ಬಿತು. ಕಾರಣ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂದು 2013ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ತಂಡ ಪತ್ತೆ ಹಚ್ಚಿತು. ಭಾರತದಲ್ಲೂ 2009ರಲ್ಲಿ ಅನುಮತಿ ಸಿಕ್ಕ ಮೇಲೆ ಟೈಗರ್ ಸಿಗಡಿಯ ಜಾಗವನ್ನು ಬಹುಮಟ್ಟಿಗೆ ವನ್ನಾಮೆ ಎಂಬ ಅಮೆರಿಕನ್ ಸಿಗಡಿ ಹಿಡಿದಿದೆ. ಸಿಗಡಿ ಬದಲಾದರೂ ವಿಬ್ರಿಯೊ ಬಿಟ್ಟುಹೋಗಿಲ್ಲ. ಈ ಹೊಸ ರೋಗದ ಬ್ಯಾಕ್ಟೀರಿಯಾಕ್ಕೂ ಫೇಜ್‌ಗಳನ್ನು ಹುಡುಕುವ ಕೆಲಸ ಏಷ್ಯಾದ ಹಲವು ಪ್ರಯೋಗಾಲಯಗಳಲ್ಲಿ ಸಾಗಿದೆ.

ಫೇಜ್ ಹಾಕಿ ಬೆಳೆಸಿದ ಸಿಗಡಿಯನ್ನು ತಿನ್ನಬಹುದೆ ಎಂಬ ಸಂಶಯ ಅಡುಗೆಮನೆಯಲ್ಲಿ ಏಳುವುದು ನ್ಯಾಯವೇ. ತುಳುವಿನಲ್ಲಿ ಎಟ್ಟಿ ಎಂದು ಕರೆಸಿಕೊಳ್ಳುವ ಸಿಗಡಿಯ ಗಸಿ ಕುದಿಯುವಾಗ ಅದರಲ್ಲಿ ಫೇಜ್ ಉಳಿದಿರುವುದು ಕಷ್ಟ. ಉಳಿದರೂ ಭಯವಿಲ್ಲ. ನದಿ, ಕೆರೆ, ಮೊಸರು, ಹಸಿ ತರಕಾರಿ, ಕೊನೆಗೆ ಮನುಷ್ಯರ ಕರುಳು, ಎಲ್ಲೆಡೆಯೂ ಫೇಜ್‌ಗಳು ಕೋಟಿಗಟ್ಟಲೆ ಇವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲೇ, ಸಿದ್ಧ ಮಾಂಸಾಹಾರದ ಮೇಲೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯದಂತೆ ಫೇಜ್ ಸಿಂಪಡಿಸಲು ಒಪ್ಪಿಗೆ ಕೊಟ್ಟಿತು.

ಇಷ್ಟಾದರೂ ಫೇಜ್ ಒಮ್ಮೆ ಕೊಂಡು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಬಳಸುವ ಸರಕಾಗಲಾರದು. ಹ್ಯಾಚರಿಯ ಬ್ಯಾಕ್ಟೀರಿಯಾಗಳು ಬದಲಾದಂತೆ ಫೇಜ್‌ಗಳ ಮಿಶ್ರಣವನ್ನೂ ಬದಲಿಸುತ್ತ ಹೋಗಬೇಕು. ಆಗಾಗ ತೊಟ್ಟಿಯ ನೀರಿನಿಂದ ವಿಬ್ರಿಯೊವನ್ನು ಬೇರ್ಪಡಿಸಿ, ಇರುವ ಫೇಜ್ ಅದನ್ನು ಇನ್ನೂ ಕೊಲ್ಲುತ್ತದೆಯೇ ಎಂದು ಗಾಜಿನ ತಟ್ಟೆಯಲ್ಲಿ ನೋಡಬೇಕು. ತಿಳಿ ಚುಕ್ಕಿ ಮೂಡಲಿಲ್ಲವೆಂದರೆ ಹೊಸ ಫೇಜ್ ಹುಡುಕುವ ಹೊತ್ತು ಬಂತೆಂದು ತಿಳಿಯಬೇಕು. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಅದೇ ಹ್ಯಾಚರಿಯಿಂದ ಚರಂಡಿಗೆ ಹರಿದುಹೋಗುವ ನೀರಿನಲ್ಲಿ ಮೊದಲು ಹುಡುಕುತ್ತಾರೆ.